ರೆಕ್ಸಿನ್ ಅಲ್ಲ, ಚರ್ಮ

ತಿಪಟೂರಿನ ದುರ್ಗಯ್ಯ ರಂಪಿ ಹಿಡಿದರೆ ಚರ್ಮ ಗೆರೆ ಎಳೆದಂತೆ ಸೀಳುತ್ತಿತ್ತು. ತೋಟಗಳಿಗೆ ಕರೆಂಟ್ ಪಂಪು ಬರುವವರೆಗೆ ಅವನು ಕಪಿಲೆ ಬಾವಿಗಳಿಂದ ನೀರೆತ್ತುವ ಚರ್ಮದ ಚೀಲ ಹೊಲಿಯುತ್ತಿದ್ದ. ಪಂಪು ಬಂದವು, ಚೀಲಗಳು ಮೂಲೆಗೆ ಬಿದ್ದವು, ದುರ್ಗಯ್ಯ ಚಪ್ಪಲಿಗೆ ಇಳಿದ. ಅವನ ಚೀಲದ ನೀರು ಕುಡಿದೇ ತೆಂಗು ಬೆಳೆದದ್ದು. ಆ ತೆಂಗಿನ ಯಜಮಾನರ ಜಗುಲಿಯನ್ನು ಮಾತ್ರ ಅವನು ಒಂದು ದಿನವೂ ಹತ್ತಿದವನಲ್ಲ.

೧೯೭೯ರಲ್ಲಿ ಟೈಲರ್ ಗೌಸ್ ಪೀರ್ ಪುಸ್ತಕವೊಂದನ್ನು ಹಿಡಿದು ಬಂದ. ನಾಟಕದ ಬಟ್ಟೆ ಹೊಲಿದು ಬಾಡಿಗೆಗೆ ಕೊಡುವುದು ಅವನ ಕಸುಬು. ಹಾಲ್ಕುರಿಕೆಯ ಸದಾಶಿವಯ್ಯ ಮೇಷ್ಟ್ರು ಪಾತಾಳದ ದೊರೆಯೊಬ್ಬನ ಮೇಲೆ ನಾಟಕ ಬರೆದಿದ್ದರು. ದೊರೆಯ ವೇಷ ಈ ಸೀಮೆಯವರು ಕಂಡ ಯಾವ ರಾಜನಂತೆಯೂ ಇರಕೂಡದೆಂದು ಬೆಂಗಳೂರಿನ ಫುಟ್‌ಪಾತಿನಲ್ಲಿ ಕೊಂಡ ಇಂಗ್ಲಿಷ್ ಪುಸ್ತಕವನ್ನೇ ಕಳಿಸಿದ್ದರು. ಅದರಲ್ಲಿ ಸಾವಿರದ ಮುನ್ನೂರು ವರ್ಷ ಹಿಂದಿನ ಜರ್ಮನ್ ಯೋಧನೊಬ್ಬನ ಸೊಂಟಪಟ್ಟಿಯ ಫೋಟೋ ಇತ್ತು. ಅಂಗೈಯಗಲದ ಬಕಲ್ಲು, ಅದರ ಪಕ್ಕಕ್ಕೆ ಸಾಲಾಗಿ ಬಿಲ್ಲೆಗಳು, ಬಿಲ್ಲೆಗಳ ಮೇಲೆ ಒಂದರ ಬಾಲ ಇನ್ನೊಂದು ಕಚ್ಚಿ ಹೆಣೆದುಕೊಂಡ ಮೃಗಗಳು.

ದುರ್ಗಯ್ಯ ಆ ಮೃಗಗಳನ್ನು ತೆಂಗಿನ ಕರಟದ ಮೇಲೆ ಕೆತ್ತಿದ. ಎಣ್ಣೆ ಡಬ್ಬದ ತಗಡಿನಿಂದ ಅಂಚು ಕಟ್ಟಿದ. ಫೋಟೋದಲ್ಲಿ ಬಿಲ್ಲೆಗಳ ನಡುವೆ ಬರೀ ಖಾಲಿ ಜಾಗವಿತ್ತು. ಇವನೂ ಹಾಗೇ ಖಾಲಿ ಬಿಟ್ಟು ದಾರದಲ್ಲಿ ಪೋಣಿಸಿದ. ಗೌಸ್ ಪೀರ್ ಕಟ್ಟಿಕೊಂಡು ಎರಡು ಹೆಜ್ಜೆ ಹಾಕಿದ್ದೇ ತಡ, ಪಟ್ಟಿ ಮೊಣಕಾಲಿಗೆ ಜಾರಿತು.

"ಎತ್ತಿಗೆ ಕಟ್ಟಾಕೆ ಮಾಡಿದ್ಯೇನ್ಲಾ ಇದ?" ಎಂದ ಗೌಸ್.

ಪಟ್ಟಿ ನೋಡಲು ಬಂದಿದ್ದ ಮೇಷ್ಟ್ರು ಫೋಟೋದ ಕೆಳಗಿನ ಸಾಲು ಓದಿದರು. "ಅಲ್ಲಿ ಚರ್ಮ ಇತ್ತು ಕಣಯ್ಯ. ಗೋರಿಯೊಳಗೆ ಕೊಳೆತುಹೋಗಿದೆ. ಕಬ್ಬಿಣ ಒಂದೇ ಉಳಿದಿರೋದು."

"ಅಂಗಾದ್ರೆ ಫೋಟೋದಾಗೆ ಕಾಣದೆ ಇರೋದೇ ನಮ್ ಕೆಲ್ಸ ಅನ್ನಿ. ಮೊದ್ಲೇ ಹೇಳಬಾರ್ದಾ?" ಎಂದ ದುರ್ಗಯ್ಯ.

ಎಮ್ಮೆ ಚರ್ಮ ತಂದು, ಹದ ಮಾಡಿ, ಜೋಡಿ ಎಳೆಯಲ್ಲಿ ಹೊಲಿದ. ಈ ಸಲ ಪಟ್ಟಿ ಅಲುಗಲಿಲ್ಲ.

ನಾಟಕದ ದಿನ ಸಂಜೆ ಹಾಲ್ಕುರಿಕೆ ಶಾಲೆಯ ಕೋಣೆಯಲ್ಲಿ ಬಣ್ಣ ಹಚ್ಚುತ್ತಿದ್ದರು. ದೊರೆಯ ಪಾತ್ರ ಕೊಬ್ಬರಿ ವ್ಯಾಪಾರಿ ಶಂಭುಲಿಂಗಯ್ಯನದು. ಗೌಸ್ ಪೀರ್ ಹೊರಗೆ ಬಂದು ದುರ್ಗಯ್ಯನ ಕಿವಿಯಲ್ಲಿ ಹೇಳಿದ: "ರೆಕ್ಸಿನ್ ಅಂತ ಹೇಳಿವ್ನಿ. ರಂಗಪೂಜೆಗೆ ನಿಂತ್ಕಳೋ ಮನುಷ್ಯ, ಚರ್ಮ ಅಂದ್ರೆ ಮುಟ್ಟಾಕಿಲ್ಲ. ಬಾಯಿ ಬುಡಬ್ಯಾಡ."

ದುರ್ಗಯ್ಯನಿಗೆ ರೇಗಿದ್ದು ಪೂಜೆಯ ಮಾತಿಗಲ್ಲ. ಅಂಥದ್ದು ಕೇಳಿ ಕೇಳಿ ಕಿವಿ ಜಡ್ಡುಗಟ್ಟಿತ್ತು. ತನ್ನ ಕೈಕೆಲಸವನ್ನು ಬಸ್ಸಿನ ಸೀಟಿಗೆ ಹೊದಿಸುವ ರೆಕ್ಸಿನ್ ಅಂದದ್ದು ಉರಿಯಿತು.

ಅಷ್ಟರಲ್ಲಿ ಒಳಗಿನಿಂದ ಶಂಭುಲಿಂಗಯ್ಯ ಕೂಗಿದ: "ಈ ಬಕಲ್ ಯಾವನ ಕೈಗೂ ಬಗ್ತಿಲ್ಲ. ಮಾಡ್ದೋನ್ನೇ ಕರೀರ್ಲಾ."

ದುರ್ಗಯ್ಯ ಹೊಸ್ತಿಲಲ್ಲಿ ನಿಂತ. "ಸ್ವಾಮಿ, ಅದು ರೆಕ್ಸಿನ್ ಅಲ್ಲ. ಎಮ್ಮೆ ಚರ್ಮ. ಹದ ಮಾಡಿದ್ದೂ ನಾನೇ, ಹೊಲ್ದಿದ್ದೂ ನಾನೇ. ಈಗ ಹೇಳಿ, ಕಟ್ಲಾ ಬ್ಯಾಡ್ವಾ?"

ಶಂಭುಲಿಂಗಯ್ಯನ ಕೈಯಿಂದ ಪಟ್ಟಿ ಬೆಂಚಿನ ಮೇಲೆ ಬಿತ್ತು. "ಪೂಜೆ ಆಗ್ಲಿ, ಆಮ್ಯಾಕೆ ಕಟ್ಟು" ಎಂದ.

"ಪೂಜೆ ಆದ್ಮೇಲೆ ಚರ್ಮ ರೆಕ್ಸಿನ್ ಆಯ್ತದಾ?"

ಬಣ್ಣ ಹಚ್ಚುವವನು ತಡೆಯಲಾರದೆ ನಕ್ಕ. ಶಂಭುಲಿಂಗಯ್ಯ ಮುಖ ತಿರುಗಿಸಿದ. ದುರ್ಗಯ್ಯ ಪಟ್ಟಿ ಸುತ್ತಿ ಕಂಕುಳಿಗೆ ಸೇರಿಸಿ ತಿಪಟೂರಿನ ಬಸ್ಸು ಹತ್ತಿದ. ಆವತ್ತು ಪಾತಾಳದ ದೊರೆ ಸೊಂಟಕ್ಕೆ ಜರಿ ಶಲ್ಯ ಕಟ್ಟಿಕೊಂಡು ಆಳಿದ.

ಈ ಸುದ್ದಿ ಹುಳಿಯಾರಿನವರೆಗೂ ಹೋಯಿತು. ಮುಂದಿನ ವರ್ಷ ಕೆಂಕೆರೆಯವರು ಅದೇ ನಾಟಕ ಎತ್ತಿಕೊಂಡು, ಪಟ್ಟಿ ಬೇಕೆಂದು ಮೇಷ್ಟ್ರನ್ನು ದುರ್ಗಯ್ಯನ ಹತ್ತಿರ ಕಳಿಸಿದರು.

"ಕೊಡ್ತೀನಿ. ಕರಪತ್ರದಾಗೆ ಗೌಸ್ ಹೆಸ್ರು ಹಾಕ್ತೀರಲ್ಲ, ಅದ್ರ ಕೆಳಗೆ ನಂದೂ ಹಾಕ್ಸಿ. ಚರ್ಮ ಅಂತ್ಲೇ ಇರ್ಬೇಕು."

ಅಚ್ಚಾಗಿ ಬಂತು: ‘ಉಡುಪು: ಗೌಸ್ ಪೀರ್. ಸೊಂಟಪಟ್ಟಿಯ ಚರ್ಮದ ಕೆಲಸ: ದುರ್ಗಯ್ಯ, ತಿಪಟೂರು.’ ಓದು ಬಾರದ ದುರ್ಗಯ್ಯ ಇದರಲ್ಲಿ ಚರ್ಮ ಯಾವುದೆಂದು ಕೇಳಿ, ಅಕ್ಷರದ ಮೇಲೆ ಬೆರಳಿಟ್ಟು ನೋಡಿದ.

ಕೆಂಕೆರೆಯಲ್ಲಿ ದೊರೆಯಾದವನು ಅಣ್ಣಯ್ಯ. ರಂಗಪೂಜೆಗೆ ಮೊದಲೇ ದುರ್ಗಯ್ಯ ಕೋಣೆಯೊಳಗೆ ಹೋಗಿ, ಅವನ ಸೊಂಟಕ್ಕೆ ಪಟ್ಟಿ ಸುತ್ತಿ, ಮಂಡಿಯೂರಿ ಎಳೆದ.

"ಉಸಿರು ಬುಡಪ್ಪ. ಇನ್ನೊಂದು ತೂತಿಗೆ ಬರ್ಬೇಕು."