ಹಸಿರು ಬಳೆ ತೆಗೆದ ಮಧ್ಯಾಹ್ನ

ಮಾರಿಕಣಿವೆಯ ಅಣೆಕಟ್ಟೆ ಕೆಲಸ ಮುಗಿಯುತ್ತಾ ಬಂದಿದ್ದ ವರ್ಷ. ನಾನು ಮದುವೆಯಾಗಿ ಹರಿಯಬ್ಬೆಗೆ ಬಂದು ಆರು ವರ್ಷವಾಗಿತ್ತು, ಮಕ್ಕಳಾಗಿರಲಿಲ್ಲ. ನನಗೆ ಮುಟ್ಟು ಮೊದಲಿನಿಂದಲೂ ನೆಟ್ಟಗಿರಲಿಲ್ಲ; ಒಮ್ಮೆ ಎರಡು ತಿಂಗಳಿಗೆ, ಒಮ್ಮೆ ಮೂರು ತಿಂಗಳಿಗೆ. ಗರ್ಭಕ್ಕೆ ಬಲ ಬರಲೆಂದು ಅತ್ತೆ ದಿನಾ ಕೊಬ್ಬರಿ, ಬೆಲ್ಲ, ತುಪ್ಪ ತಿನ್ನಿಸುತ್ತಿದ್ದರು. ಬಲವೇನೋ ಬಂತು, ಬಂದದ್ದೆಲ್ಲ ಸೊಂಟಕ್ಕೇ ಬಂತು.

ನಮ್ಮ ಮನೆಯಲ್ಲಿ ಮುಟ್ಟಾದವರು ಮೂರು ದಿನ ಹಿತ್ತಲ ಗುಡಿಸಲಿನಲ್ಲಿ ಕೂರಬೇಕು. ಯಾರು ಕೂತರು, ಯಾರು ಕೂರಲಿಲ್ಲ ಎಂಬುದು ಕೇರಿಗೆಲ್ಲ ಗೊತ್ತು. ಆ ವರ್ಷ ನಾನು ಐದು ತಿಂಗಳು ಹೊರಗೆ ಕೂರಲಿಲ್ಲ. ಹೊಟ್ಟೆಯೂ ಮುಂದೆ ಬಂದಿತ್ತು. ಎಲ್ಲರೂ ಬಸುರಿ ಎಂದರು, ನಾನೂ ನಂಬಿದೆ. ಒಳಗೆ ಮಿಸುಕಿದಂತೆ ಕೂಡ ಅನ್ನಿಸಿತ್ತು, ಏನು ಹೇಳಲಿ.

ಹಸಿರು ಬಳೆ ತೊಡಿಸುವ ಶಾಸ್ತ್ರಕ್ಕೆ ಹಿರಿಯೂರಿನಿಂದ ಬಳೆಗಾರ್ತಿ ಫಾತಿಮಾಬಿ ಬಂದಳು. ನನ್ನ ಕೈ ಒತ್ತಿ ನೋಡಿ, ಒಮ್ಮೆ ಮುಖ ನೋಡಿದಳು. ಆಮೇಲೆ ದೊಡ್ಡ ಅಳತೆಯ ಬಳೆ ತೊಡಿಸಿದಳು. ಹೆಂಗಸರು ಹಾಡು ಹೇಳಿ, ಊಟ ಮಾಡಿ ಹೋದರು.

ಶಾಸ್ತ್ರವಾದ ನಾಲ್ಕನೆಯ ದಿನ ರಾಗಿ ಬೀಸುತ್ತಿದ್ದಾಗ ಮುಟ್ಟಾದೆ. ನೋವಿರಲಿಲ್ಲ. ಕಾಳು ಕೇರುತ್ತಿದ್ದ ಅತ್ತೆಯ ಮುಂದೆಯೇ ಹಾದು ಹಿತ್ತಲಿಗೆ ಹೋಗಬೇಕಿತ್ತು. ಅವರು ಮೊರ ಕೆಳಗಿಟ್ಟರು, ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಸೂಲಗಿತ್ತಿ ಬಂದು ನೋಡಿ, “ಹೋಗೋಕೆ ಹೊಟ್ಟೇಲಿ ಏನೂ ಇರ್ಲಿಲ್ಲ ಕಣವ್ವ, ಬರೀ ಮೈ ಬಂದಿರೋದು” ಎಂದಳು. ಸತ್ತ ಮಗುವಿಗಾದರೆ ಜೊತೆಗೆ ಅಳುವವರು ಇರುತ್ತಾರೆ. ಇರದೇ ಇದ್ದ ಮಗುವಿಗೆ ಯಾರು ಅಳುತ್ತಾರೆ?

ಬಸುರಿಯಲ್ಲದವಳ ಕೈಯಲ್ಲಿ ಆ ಬಳೆ ಇರಬಾರದೆಂದು ಅತ್ತೆ ಮರುದಿನವೇ ಫಾತಿಮಾಬಿಯನ್ನು ಕರೆಸಿದರು. ಮಧ್ಯಾಹ್ನ ಆಕೆ ನೇರ ಗುಡಿಸಲೊಳಗೆ ಬಂದು ನನ್ನ ಎದುರು ಕೂತಳು. ಮನೆಯವರು ಎಣಿಸುವ ಮೈಲಿಗೆ ಆಕೆಗಿರಲಿಲ್ಲ.

“ಒಡೆದುಹಾಕು” ಎಂದೆ.

“ಮುತ್ತೈದೆ ಕೈಬಳೆ ಒಡಿಬಾರ್ದು ತಾಯಿ” ಎಂದು ಹರಳೆಣ್ಣೆ ಹಚ್ಚಿ, ಒಂದೊಂದಾಗಿ ಜಾರಿಸತೊಡಗಿದಳು. ಕೈ ಊದಿಕೊಂಡಿತ್ತು, ಬಹಳ ಹೊತ್ತು ಹಿಡಿಯಿತು.

“ಅವತ್ತೇ ನಿನಗೆ ಗೊತ್ತಾಗಿತ್ತಾ?” ಎಂದು ಕೇಳಿದೆ.

ಆಕೆ ತಲೆ ಎತ್ತಲಿಲ್ಲ. “ಅನುಮಾನ ಇತ್ತು. ಅಷ್ಟು ಜನದಾಗೆ ಹೇಳಾಕೆ ಬಾಯಿ ಬರ್ಲಿಲ್ಲ. ನೀನು ಮದ್ವೆಯಾಗಿ ಬಂದಾಗ ತೊಡಿಸಿದ್ನಲ್ಲ, ಆ ಅಳತೆ ಬಳೆ ಈಗ ನಿನ್ನ ಬೆರಳ ಗಂಟೂ ದಾಟಲ್ಲ. ಮೈ ಏರಿದಂಗೆಲ್ಲ ತಿಂಗಳು ನಿಂತೈತೆ. ಇಂಥ ಕೈ ಇನ್ನೂ ಎಷ್ಟೋ ನೋಡೀನಿ. ತುಪ್ಪ ಬಿಡು, ಓಡಾಡು. ದುರ್ಗದ ಆಸ್ಪತ್ರೆಗೆ ಒಂದ್ಸಲ ಹೋಗು.”

ಆಕೆಯ ಮೇಲೆ ನನಗೆ ಸಿಟ್ಟು ಬಂತು. ಆದರೂ ಕೈ ಹಿಂದಕ್ಕೆ ಎಳೆದುಕೊಳ್ಳಲಿಲ್ಲ. ಸೂಲಗಿತ್ತಿಯನ್ನು ಬಿಟ್ಟರೆ ಆ ಮೂರು ದಿನ ನನ್ನನ್ನು ಮುಟ್ಟಿದ್ದು ಆಕೆಯೊಬ್ಬಳೇ. ಬಳೆಗಳನ್ನು ಒರೆಸಿ ಗಂಟು ಕಟ್ಟಿಕೊಂಡು, “ಇವು ನಿನ್ನವೇ. ನೀನು ಬಸುರಾದಾಗ ತೊಡಿಸ್ತೀನಿ” ಎಂದಳು.

ದುರ್ಗಕ್ಕೆ ಗಾಡಿಯಲ್ಲಿ ಗಂಡ ಕರೆದುಕೊಂಡು ಹೋದರು. ಆಸ್ಪತ್ರೆಯಲ್ಲೂ ಅದನ್ನೇ ಹೇಳಿದರು. ನಾನು ತುಪ್ಪ ಬಿಟ್ಟದ್ದಕ್ಕೆ ಅತ್ತೆ ಮಾತು ಬಿಟ್ಟರು. ದಿನಾ ಹೊಲಕ್ಕೆ ನಡೆದೆ. ಮೈ ಇಳಿಯಿತು, ಮುಟ್ಟು ತಿಂಗಳು ತಿಂಗಳು ಬರತೊಡಗಿತು. ಗುಡಿಸಲಿನಲ್ಲಿ ಕೂತು ನಾನೊಬ್ಬಳೇ ಸಂತೋಷಪಡುತ್ತಿದ್ದೆ. ಮನೆಯವರಿಗೆ ಪ್ರತಿ ತಿಂಗಳೂ ಅದೊಂದು ಸೂತಕ.

ಮಗು ಆಗಲಿಲ್ಲ. ಒಬ್ಬೊಬ್ಬರಿಗೆ ಎಲ್ಲ ಸರಿಹೋದರೂ ಆಗುವುದಿಲ್ಲವೇನೋ.

ಎಷ್ಟೋ ವರ್ಷಗಳ ಮೇಲೆ ಫಾತಿಮಾಬಿ ತೀರಿಕೊಂಡಳು. ಆಕೆಯ ಸೊಸೆ ಬಂದು ಒಂದು ಬಟ್ಟೆ ಗಂಟು ಕೊಟ್ಟು, ಹರಿಯಬ್ಬೆ ಅವ್ವನಿಗೆ ತಲುಪಿಸಬೇಕೆಂದು ತನ್ನ ಅತ್ತೆ ಹೇಳಿದ್ದರು ಎಂದಳು. ಬಿಚ್ಚಿದರೆ ಅದೇ ಹಸಿರು ಬಳೆಗಳು. ಬಳೆ ಮಾರಿ ಬದುಕಿದವಳು ಅವನ್ನು ಮಾರಿರಲಿಲ್ಲ.

ಸೊಸೆ ಹೋದ ಮೇಲೆ ಬಾಗಿಲು ಹಾಕಿ ಕೂತು, ಕೈಗೆ ಹಾಕಿಕೊಂಡೆ. ಎಣ್ಣೆಯೇ ಬೇಕಾಗಲಿಲ್ಲ. ಕೈ ಇಳಿಬಿಟ್ಟ ಕೂಡಲೇ ಅಷ್ಟೂ ಜಾರಿ ಮಡಿಲಿಗೆ ಬಿದ್ದವು. ಅವತ್ತು ಬಾರದ ಅಳು ಆಗ ಬಂತು.