ಎರಡು ಬೀಗದ ಕೈ, ಒಂದೇ ಬಸ್ಸು

ಹೊಸನಗರದ ನಮ್ಮ ಬ್ಯಾಂಕಿನ ತಿಜೋರಿಗೆ ಎರಡು ಬೀಗದ ಕೈ. ಒಂದು ಮ್ಯಾನೇಜರ್ ಹತ್ತಿರ, ಇನ್ನೊಂದು ಕ್ಯಾಶಿಯರ್ ಆಗಿದ್ದ ನನ್ನ ಹತ್ತಿರ. ಎರಡೂ ಸೇರಿದರೆ ಮಾತ್ರ ಬಾಗಿಲು ತೆರೆಯುತ್ತಿತ್ತು. ವರ್ಷಕ್ಕೊಮ್ಮೆ ಅವನ್ನು ಸಾಗರದ ಶಾಖೆಗೆ ಒಪ್ಪಿಸಿ, ಅಲ್ಲಿಟ್ಟಿದ್ದ ಇನ್ನೊಂದು ಜೋಡಿ ತರಬೇಕು. ಎರಡೂ ಒಂದೇ ಬಸ್ಸಿನಲ್ಲಿ ಹೋಗಕೂಡದು ಅಂತ ರೂಲ್ಸು.

ಅವತ್ತು ಇದ್ದದ್ದೇ ಒಂದು ಬಸ್ಸು. ಮ್ಯಾನೇಜರ್ ಮುಂದೆ, ನಾನು ಹಿಂದೆ, ಗುರುತೇ ಇಲ್ಲದವರ ಹಾಗೆ ಕೂತೆವು. ಪಕ್ಕದವನು ಕೆಮ್ಮಿದರೂ ನಾನು ಜೇಬಿನ ಬೀಗದ ಕೈ ಮುಟ್ಟಿ ನೋಡಿಕೊಳ್ಳುತ್ತಿದ್ದೆ.

ಕಂಡಕ್ಟರ್ ನನ್ನ ಟಿಕೆಟ್ ಹರಿಯುತ್ತಾ ಜೋರಾಗಿ ಕೇಳಿದ: “ಏನ್ ಸಾರ್, ಹೋದ್ವರ್ಷ ಬೇರೆ ಬೇರೆ ಬಸ್ಸಲ್ಲಿ ತಗಂಡ್ ಹೋದ್ರಿ, ಈ ಸಲ ಎರಡೂ ಬೀಗದ ಕೈ ನಮ್ ಬಸ್ಸಲ್ಲೇನಾ?”

ಇಡೀ ಬಸ್ಸು ತಿರುಗಿ ನನ್ನ ಜೇಬು ನೋಡಿತು. ಸಾಗರ ಬರುವವರೆಗೆ ನಾನು ಜೇಬಿನಿಂದ ಕೈ ತೆಗೆಯಲಿಲ್ಲ.

ಅಲ್ಲಿ ಬೀಗದ ಕೈಗಳು ಬದಲಾದವು. ವಾಪಸ್ ಬರುವಾಗ ಸಿಕ್ಕಿದ್ದು ಮಾತ್ರ ಅದೇ ಕಂಡಕ್ಟರ್.