ತಂಗಿಯ ಬೈಕಿನ ಕಿಲ್ ಸ್ವಿಚ್ಚು

ಆರು ವರ್ಷಗಳ ಮೇಲೆ ತಂಗಿ ಅಂಗಡಿಯ ಬಾಗಿಲಿಗೆ ಬಂದಾಗ ಬಲ್ಬಣ್ಣ ಕಾರೊಂದರ ಡ್ಯಾಶ್‌ಬೋರ್ಡಿನ ಕೆಳಗೆ ತಲೆ ತೂರಿಸಿ ಮಲಗಿದ್ದ. ಕಾಲುಗಳಷ್ಟೇ ಹೊರಗಿದ್ದವು. ಅವಳು ಆ ಕಾಲುಗಳಿಗೇ ಹೇಳಿದಳು.

"ಅಣ್ಣ, ಬೈಕ್ ತಂದಿದೀನಿ. ಕಿಲ್ ಸ್ವಿಚ್ ಹಾಕ್ಕೊಡ್ಬೇಕು. ಭಾನುವಾರ ರೇಸು."

"ಊಟ ಆಯ್ತಾ?" ಎಂದವು ಕಾಲುಗಳು.

"ಆಯ್ತು."

ಅವನು ವಾಹನಗಳ ವೈರಿಂಗ್ ಕೆಲಸದವನು. ಕರೆಂಟು ಬರುತ್ತಿದೆಯೇ ಎಂದು ನೋಡಲು ತಂತಿ ಕಟ್ಟಿದ ಪುಟ್ಟ ಬಲ್ಬೊಂದು ಸದಾ ಜೇಬಿನಲ್ಲಿರುತ್ತಿದ್ದುದರಿಂದ ಬೀದಿಯವರು ಬಲ್ಬಣ್ಣನೆಂದು ಕರೆಯುತ್ತಿದ್ದರು. "ಇವನ ಬಾಯಿಗೂ ಯಾರೋ ಸ್ವಿಚ್ ಹಾಕಿದಾರೆ, ಆನ್ ಮಾಡೋದನ್ನ ಮರ್ತಿದಾರೆ" ಎಂದು ಪಕ್ಕದ ಪಂಕ್ಚರ್ ಅಂಗಡಿಯವನು ನಗುತ್ತಿದ್ದ. ಯಾರು ಕೆಟ್ಟ ಗಾಡಿ ತಂದರೂ ಬಲ್ಬಣ್ಣನ ಮೊದಲ ಪ್ರಶ್ನೆ ಒಂದೇ: "ಅರ್ತಿಂಗ್ ನೋಡಿದ್ರಾ?" ತಂತಿಯ ಕೊನೆ ಗಾಡಿಯ ಬರಿಯ ಕಬ್ಬಿಣಕ್ಕೆ ಸರಿಯಾಗಿ ಮುಟ್ಟದಿದ್ದರೆ ಉಳಿದ ಕೆಲಸವೆಲ್ಲ ದಂಡ ಎಂಬುದು ಅವನ ಇಡೀ ವಿದ್ಯೆ.

ಅಪ್ಪ ಅಮ್ಮ ಹೋದಾಗ ತಂಗಿಗೆ ಏಳು ವರ್ಷ, ಅವನಿಗೆ ಇಪ್ಪತ್ತೊಂದು. ಅಂಗಡಿಯ ಹಿಂದಿನ ಎರಡು ಕೋಣೆಗಳಲ್ಲಿ ಅವಳನ್ನು ಬೆಳೆಸಿದ. ವೈರು ಹೆಣೆಯುವ ಕೈಯಿಂದಲೇ ಜಡೆ ಹೆಣೆದ. ಅದು ಎಷ್ಟು ಬಿಗಿಯಾಗುತ್ತಿತ್ತೆಂದರೆ ಅವಳ ಹುಬ್ಬುಗಳು ಮೇಲೇರಿ, ದಿನವಿಡೀ ಬೆರಗುಗೊಂಡವಳಂತೆ ಕಾಣುತ್ತಿದ್ದಳು. ದೊಡ್ಡವಳಾಗಿ ರೇಸಿನ ಹುಚ್ಚು ಹಚ್ಚಿಕೊಂಡಾಗ ಬಲ್ಬಣ್ಣನ ಎದೆ ಒಡೆಯಿತು. ಮೊದಲ ರೇಸಿನ ದಿನ ಬೆಳಕು ಹರಿಯುವ ಮುನ್ನವೇ ಅವಳ ಬೈಕಿನ ಕಾರ್ಬ್ಯುರೇಟರ್ ಬಿಚ್ಚಿ ಹಳೆಯ ಟೈರುಗಳ ಒಳಗೆ ಬಚ್ಚಿಟ್ಟ. ರೇಸು ಮುಗಿಯುವ ತನಕ ಅವಳು ಹುಡುಕಿದಳು. ಮರುದಿನ ಬಟ್ಟೆಬರೆ ಕಟ್ಟಿಕೊಂಡು ಬೇರೆ ಊರಿಗೆ ಹೊರಟುಹೋದಳು.

ಅಂದಿನಿಂದ ಅವನು ಒಂದೇ ಲೋಟ, ಒಂದೇ ತಟ್ಟೆಯ ಮನುಷ್ಯನಾದ. ರೇಡಿಯೊ ಹಾಕಿಟ್ಟು, ಅದು ಏನು ಹೇಳುತ್ತಿದೆಯೆಂದು ಕೇಳದೆ ಉಣ್ಣುತ್ತಿದ್ದ.

ಈಗ ಅವಳೇ ಬಂದಿದ್ದಳು, ಬೈಕು ಬಿಟ್ಟು ಅಂದೇ ಹೊರಟಳು. ಬ್ಯಾಟರಿಯಿಲ್ಲದ ಹಳೆಯ ಬೈಕು, ಎಂಜಿನ್ನಿನ ಜೊತೆಗೇ ತಿರುಗುವ ಮ್ಯಾಗ್ನೆಟೊದಿಂದಲೇ ಕಿಡಿ. ಬಲ್ಬಣ್ಣ ಹ್ಯಾಂಡಲ್ಲಿಗೆ ಸ್ವಿಚ್ಚು ಕೂರಿಸಿ, ಅದರ ಮುಚ್ಚಳಕ್ಕೆ ದಾರ ಕಟ್ಟಿದ. ದಾರದ ಇನ್ನೊಂದು ತುದಿ ರೇಸಿನ ಹೊತ್ತಿಗೆ ಅವಳ ಮಣಿಕಟ್ಟಿಗೆ. ಅವಳು ಬಿದ್ದರೆ ಮುಚ್ಚಳ ಕಿತ್ತು ಬರಬೇಕು, ಕಿಡಿ ಚೌಕಟ್ಟಿಗೆ ಇಳಿದು ಹೋಗಬೇಕು, ಎಂಜಿನ್ ಸಾಯಬೇಕು. ಎಳೆದು ನೋಡಿದ. ಸತ್ತಿತು.

ಅಲ್ಲಿಗೆ ಕೈ ತೊಳೆದುಕೊಂಡಿದ್ದರೆ ಆಗುತ್ತಿತ್ತು. ಆದರೆ ಟ್ಯಾಂಕಿನ ಕೆಳಗೆ ತುಕ್ಕು ಕಂಡಿತು, ಅವಳಿಗೆ ನೀಲಿ ಇಷ್ಟವೆಂಬುದು ನೆನಪಾಯಿತು. ಎಲ್ಲ ಬಿಚ್ಚಿ, ಉಜ್ಜಿ, ಚೌಕಟ್ಟಿಗೆ ಎರಡು ಕೋಟು ನೀಲಿ ಬಣ್ಣ ಹೊಡೆದ. ಒಣಗಿದ ಮೇಲೆ ಸ್ವಿಚ್ಚಿನ ತಂತಿಯ ಬೋಲ್ಟನ್ನು ಮತ್ತೆ ಚೌಕಟ್ಟಿಗೆ ಬಿಗಿದ. ಬಣ್ಣ ನೋಡಿದ ಸಂತೋಷದಲ್ಲಿ ದಾರ ಎಳೆದು ನೋಡುವುದನ್ನು ಮರೆತ.

ಭಾನುವಾರ ಬೈಕನ್ನು ಟೆಂಪೊದಲ್ಲಿ ಮೈದಾನಕ್ಕೆ ಒಯ್ದ. ತಂಗಿ ಬಣ್ಣ ನೋಡಿ ತುಟಿಯಂಚಿನಲ್ಲಿ ನಕ್ಕಳು. ತಪಾಸಣೆಯವರು ಎಂಜಿನ್ ಚಾಲು ಮಾಡಿಸಿ ದಾರ ಎಳೆದರು. ಎಂಜಿನ್ ಓಡುತ್ತಲೇ ಇತ್ತು. ಇನ್ನೊಮ್ಮೆ ಎಳೆದರು. ಕೊನೆಗೆ ಗೇರಿಗೆ ಹಾಕಿ, ಬ್ರೇಕು ತುಳಿದು ನಿಲ್ಲಿಸಬೇಕಾಯಿತು.

"ಇದನ್ನ ಬಿಡೋಕಾಗಲ್ಲಮ್ಮ. ಅರ್ಧ ಗಂಟೆ ಕೊಡ್ತೀನಿ" ಎಂದರು ತಪಾಸಣೆಯವರು.

ತಂಗಿ ಅಣ್ಣನ ಕಡೆ ತಿರುಗಿದಳು. "ಆವತ್ತು ಕಾರ್ಬ್ಯುರೇಟರು. ಇವತ್ತು ಇದಾ?"

"ಇಲ್ಲ ಪುಟ್ಟಿ. ನಾನು..."

"ಪುಟ್ಟಿ ಗಿಟ್ಟಿ ಅನ್ಬೇಡ. ನಿಂಗೆ ಅರ್ತಿಂಗ್ ತಪ್ಪುತ್ತೆ ಅಂದ್ರೆ ಯಾರ್ ನಂಬ್ತಾರೆ?"

ಅವಳ ಜಾಗದಲ್ಲಿದ್ದರೆ ಅವನೂ ನಂಬುತ್ತಿರಲಿಲ್ಲ. ಸುಮ್ಮನಿದ್ದರೆ ಅವಳು ಟ್ರ್ಯಾಕಿಗೆ ಇಳಿಯುವುದಿಲ್ಲ, ಬೀಳುವುದೂ ಇಲ್ಲ ಎಂಬ ಯೋಚನೆ ಒಂದು ಗಳಿಗೆ ಬಂದು ಹೋಯಿತು. ಅಷ್ಟರಲ್ಲಿ ಅವನ ಕೈ ಸ್ಪ್ಯಾನರ್ ಹಿಡಿದಿತ್ತು. ಬೋಲ್ಟು ಬಿಚ್ಚಿದರೆ ತೂತಿನ ಒಳಗೂ ನೀಲಿ; ತಂತಿ ಕಬ್ಬಿಣವನ್ನು ಮುಟ್ಟಿರಲೇ ಇಲ್ಲ. ಚಾಕುವಿನಿಂದ ಕೆರೆದ, ಕಬ್ಬಿಣ ಬೆಳ್ಳಗೆ ಕಾಣುವವರೆಗೂ ಕೆರೆದ. ಬಿಗಿದು, ಅವಳ ಮುಂದೆಯೇ ಮೂರು ಸಲ ದಾರ ಎಳೆದ. ಮೂರು ಸಲವೂ ಎಂಜಿನ್ ನಿಂತಿತು.

ಅವಳು ಹೆಲ್ಮೆಟ್ ಹಾಕಿಕೊಂಡಳು. ಬೀಳಲಿಲ್ಲ, ಐದನೆಯವಳಾಗಿ ಮುಗಿಸಿದಳು. ಬೈಕನ್ನು ಗೆಳತಿಯ ವ್ಯಾನಿಗೆ ಏರಿಸುವಾಗ ಕೇಳಿದಳು.

"ಬಣ್ಣ ಹೊಡಿ ಅಂತ ನಾನು ಹೇಳಿದ್ನಾ?"

"ತುಕ್ಕು ಹಿಡಿದಿತ್ತು."

"ಕೇಳ್ಬೋದಿತ್ತಲ್ಲ, ಅಣ್ಣ."

ವ್ಯಾನು ಹೋಯಿತು. ಅವನು ಖಾಲಿ ಟೆಂಪೊದ ಮುಂದಿನ ಸೀಟಿನಲ್ಲಿ ಚಾಲಕನ ಪಕ್ಕ ಕೂತು, ದಾರಿಯುದ್ದಕ್ಕೂ ಉಗುರಿನ ಸಂದಿಯ ನೀಲಿಯನ್ನು ಕೀಳುತ್ತ ಮನೆಗೆ ಬಂದ.

ಈಗ ವರ್ಷಕ್ಕೆ ಮೂರು ನಾಲ್ಕು ಸಲ, ರೇಸಿಗೆ ಮುಂಚೆ, ಲಾರಿಯಲ್ಲಿ ಬೈಕು ಬರುತ್ತದೆ. ತಂಗಿ ಬರುವುದಿಲ್ಲ. ಬಲ್ಬಣ್ಣ ವೈರಿಂಗ್ ನೋಡುತ್ತಾನೆ, ಬೇರೆ ಏನನ್ನೂ ಮುಟ್ಟುವುದಿಲ್ಲ. ಕೆಲಸ ಮುಗಿಸಿ ಫೋನು ಮಾಡುತ್ತಾನೆ.

"ಆಯ್ತಾ?" ಎನ್ನುತ್ತಾಳೆ.

"ಆಯ್ತು."

"ಕೇಳ್ಸು."

ಅವನು ಫೋನನ್ನು ಸ್ಪೀಕರಿಗೆ ಹಾಕಿ ಸೀಟಿನ ಮೇಲಿಟ್ಟು ಎಂಜಿನ್ ಚಾಲು ಮಾಡುತ್ತಾನೆ, ದಾರ ಎಳೆಯುತ್ತಾನೆ. ಎಂಜಿನ್ ನಿಲ್ಲುತ್ತದೆ. ಅಂಗಡಿಯಲ್ಲಿ ಸದ್ದೇ ಇರುವುದಿಲ್ಲ. ಆ ತುದಿಯಲ್ಲಿ ಅವಳು ಉಸಿರಾಡುವುದು ಕೇಳುತ್ತದೆ.

"ಸರಿ. ಇನ್ನೊಂದ್ ಸಲ" ಎನ್ನುತ್ತಾಳೆ ತಂಗಿ. ಅವನು ಮತ್ತೆ ಕಿಕ್ಕರ್ ಮೇಲೆ ಕಾಲಿಡುತ್ತಾನೆ.